ಇ71 ಮತ್ತು ಬೋಲ್ಡ್: ಕೀಲಿಮಣೆ ಒಂದೇ ಥರ, ಮೇಲ್ ಬರುವ ದಾರಿ ಬೇರೆ

2008ರಲ್ಲಿ ಆಫೀಸಿನವರ ಕೈಗೆಂದೇ ಮಾಡಿದ ಎರಡು ಫೋನುಗಳು ಬೆನ್ನುಬೆನ್ನಿಗೆ ಬಂದವು. ಮೇ ತಿಂಗಳಲ್ಲಿ ಕೆನಡಾದ ರಿಸರ್ಚ್ ಇನ್ ಮೋಷನ್, ಅಂದರೆ ಎಲ್ಲರೂ ರಿಮ್ ಎಂದು ಕರೆಯುತ್ತಿದ್ದ ಕಂಪನಿ, ಬ್ಲ್ಯಾಕ್‌ಬೆರಿ ಬೋಲ್ಡ್ 9000 ಅನ್ನು ಪ್ರಕಟಿಸಿತು. ಜೂನ್‌ನಲ್ಲಿ ನೋಕಿಯಾ ತನ್ನ ಇ71 ಅನ್ನು ಮುಂದಿಟ್ಟಿತು. ಮೇಲರ್ಧ ಪರದೆ, ಕೆಳಗರ್ಧ ಪೂರ್ತಿ ಕೀಲಿಮಣೆ, ನಡುವೆ ಅತ್ತಿತ್ತ ಓಡಾಡಲು ಒಂದು ಬಟನ್. ಎರಡರಲ್ಲೂ ವೈಫೈ, ಎರಡರಲ್ಲೂ ಜಿಪಿಎಸ್, ಎರಡರಲ್ಲೂ 3.6 ಎಂಬಿಪಿಎಸ್‌ನ 3ಜಿ, ಎರಡರಲ್ಲೂ 128 ಎಂಬಿ ರ‍್ಯಾಮ್. ಬ್ಯಾಟರಿ ಕೂಡ ಎರಡರದ್ದೂ 1500 ಎಂಎಎಚ್. ಕಾಗದದ ಮೇಲೆ ಇವು ಅವಳಿ ಜವಳಿ.

ಆದರೂ ಇವೆರಡನ್ನೂ ಬಳಸಿದವರನ್ನು ಕೇಳಿ ನೋಡಿ. ಒಂದು ಫೋನಿನವರು ಇನ್ನೊಂದನ್ನು ಒಪ್ಪುವುದಿಲ್ಲ. ಈ ಜಗಳದಲ್ಲಿ ಹೆಚ್ಚಾಗಿ ಬರುತ್ತಿದ್ದ ಮಾತು ಕೀಲಿಮಣೆಯದು, ಕ್ಯಾಮೆರಾದ್ದು, ಫೋನಿನ ಅಂದದ್ದು. ಅವು ಮುಖ್ಯವೇ. ಆದರೆ ನಿಜವಾದ ವ್ಯತ್ಯಾಸ ಕೈಯಲ್ಲಿ ಹಿಡಿದ ಫೋನಿನ ಒಳಗೆ ಇರಲಿಲ್ಲ. ಬಾಸ್ ಕಳಿಸಿದ ಮೇಲ್ ನಿಮ್ಮ ಫೋನಿಗೆ ಬರುವ ಮುಂಚೆ ಯಾರ ಯಾರ ಬಾಗಿಲು ದಾಟಿ ಬರುತ್ತದೆ ಎನ್ನುವುದರಲ್ಲಿತ್ತು. ಫೋನಿನ ಬೆಲೆ, ತಿಂಗಳ ಬಿಲ್ಲು, ಭದ್ರತೆ, ಕೊನೆಗೆ ಆ ಫೋನಿನ ಆಯಸ್ಸು ಎಲ್ಲವೂ ಅದರಿಂದಲೇ ತೀರ್ಮಾನವಾಯಿತು.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ.

ಇ71ರ ಅಗಲ 57 ಮಿಲಿಮೀಟರ್, ದಪ್ಪ 10, ತೂಕ 127 ಗ್ರಾಂ. ಮೈ ಬಹುಪಾಲು ಸ್ಟೀಲು. ಶರ್ಟಿನ ಜೇಬಿಗೆ ಹಾಕಿದರೆ ಜೇಬು ಜೋತುಬೀಳುತ್ತಿರಲಿಲ್ಲ. ಬೋಲ್ಡ್‌ನ ಅಗಲ 66 ಮಿಲಿಮೀಟರ್, ದಪ್ಪ ಸುಮಾರು ಒಂದೂವರೆ ಪಟ್ಟು, ಬೆನ್ನಿಗೆ ಚರ್ಮದಂಥ ಹೊದಿಕೆ. ಅದನ್ನು ಸೊಂಟದ ಪೌಚಿನಲ್ಲಿ ಸಿಕ್ಕಿಸಿಕೊಂಡವರೇ ಜಾಸ್ತಿ. ಪರದೆಯ ವಿಷಯದಲ್ಲಿ ಬೋಲ್ಡ್‌ಗೆ ಸಾಟಿಯಿರಲಿಲ್ಲ: 480×320 ಚುಕ್ಕೆಗಳು. ಇ71ರಲ್ಲಿ 320×240. ಗುಣಿಸಿ ನೋಡಿದರೆ ಸರಿಯಾಗಿ ಎರಡು ಪಟ್ಟು. ಎಕ್ಸೆಲ್ ಶೀಟು ತೆರೆದಾಗ ಇದು ಗೊತ್ತಾಗುತ್ತಿತ್ತು. ಇ71ರಲ್ಲಿ ಮೂರು ಕಾಲಮ್ಮು ನೋಡುವಷ್ಟರಲ್ಲಿ ಪಕ್ಕಕ್ಕೆ ಸರಿಸಬೇಕು.

ಅಗಲದ ಆ 9 ಮಿಲಿಮೀಟರ್ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಮೇಲಿನ ಸಾಲಿನಲ್ಲಿ ಹತ್ತು ಕೀಲಿಗಳನ್ನು ಕೂರಿಸಬೇಕು. ಹಂಚಿದರೆ ಒಂದೊಂದು ಕೀಲಿಗೂ ಒಂದು ಮಿಲಿಮೀಟರಿಗೆ ತುಸು ಕಡಿಮೆ. ಕೀಲಿಯ ಅಗಲವೇ ಐದಾರು ಮಿಲಿಮೀಟರ್ ಇರುವಲ್ಲಿ ಇದು ದೊಡ್ಡ ಜಾಗ. ಹೆಬ್ಬೆರಳಿನ ತುದಿ ಎರಡೂ ಫೋನಿನ ಕೀಲಿಗಿಂತ ಅಗಲವಾದದ್ದು ಎಂಬುದನ್ನು ನೆನಪಿಡಿ. ಹಾಗಾದರೆ ಪಕ್ಕದ ಕೀಲಿ ಒತ್ತಿಹೋಗದಂತೆ ಟೈಪ್ ಮಾಡುವುದು ಹೇಗೆ? ಇದಕ್ಕೆ ಎರಡು ಕಂಪನಿಗಳು ಎರಡು ಬೇರೆ ಉಪಾಯ ಹೂಡಿದ್ದವು.

ನೋಕಿಯಾ ಪ್ರತಿ ಕೀಲಿಯನ್ನೂ ನಡುವೆ ಉಬ್ಬಿಸಿತು. ಬೆರಳು ಮೂರು ಕೀಲಿಗಳ ಮೇಲೆ ಕೂತಿದ್ದರೂ ಉಬ್ಬಿದ ಒಂದು ತುದಿ ಮಾತ್ರ ಮೊದಲು ಬೆರಳಿಗೆ ತಾಗುತ್ತದೆ, ಒತ್ತಡ ಅಲ್ಲಿಗೇ ಹೋಗುತ್ತದೆ. ರಿಮ್ ಕೀಲಿಗಳನ್ನು ಒಂದಕ್ಕೊಂದು ತಾಗಿಸಿಯೇ ಇಟ್ಟಿತು, ಆದರೆ ಪ್ರತಿ ಕೀಲಿಯ ಮೇಲೂ ಓರೆಯಾದ ಏಣು ಕೊಟ್ಟಿತು. ಎಡಗಡೆಯ ಕೀಲಿಗಳ ಏಣು ಒಂದು ಕಡೆಗೆ, ಬಲಗಡೆಯವು ಅದಕ್ಕೆ ಎದುರು ಕಡೆಗೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದಾಗ ಹೆಬ್ಬೆರಳುಗಳು ಓರೆಯಾಗಿ ಬರುತ್ತವಲ್ಲ, ಅದಕ್ಕೆ ಹೊಂದುವಂತೆ. ಸಾಲು ಸಾಲಿನ ನಡುವೆ ಗಿಟಾರಿನಲ್ಲಿರುವಂಥ ಲೋಹದ ಪಟ್ಟಿಗಳು. ನೋಡದೆಯೇ ಯಾವ ಸಾಲಿನಲ್ಲಿದ್ದೇವೆಂದು ಬೆರಳಿಗೆ ಗೊತ್ತಾಗುತ್ತಿತ್ತು.

ಕೀಲಿಯ ಕೆಳಗೆ ಏನಿದೆ ಎನ್ನುವುದು ಎರಡರಲ್ಲೂ ಒಂದೇ: ತೆಳುವಾದ, ಮೇಲಕ್ಕೆ ಉಬ್ಬಿದ ಲೋಹದ ಬಿಲ್ಲೆ. ಒತ್ತಿದಾಗ ಅದು ಸ್ವಲ್ಪ ದೂರ ಎದುರಿಸಿ, ಆಮೇಲೆ ಒಮ್ಮೆಗೇ ಟಪ್ಪನೆ ಕುಸಿಯುತ್ತದೆ. ಕುಸಿದಾಗ ಕೆಳಗಿನ ಬೋರ್ಡಿನ ಎರಡು ತುದಿಗಳನ್ನು ಜೋಡಿಸುತ್ತದೆ, ಅಕ್ಷರ ಮೂಡುತ್ತದೆ. ಆ ಟಪ್ ಎನ್ನುವುದೇ ನಿಮ್ಮ ಬೆರಳಿಗೆ ಸಿಗುವ ರಸೀದಿ. ಇವತ್ತಿನ ಗಾಜಿನ ಪರದೆಯಲ್ಲಿ ಈ ರಸೀದಿ ಕಣ್ಣಿಗೆ ಸಿಗುತ್ತದೆ, ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ನೋಡಿಕೊಂಡೇ ಟೈಪ್ ಮಾಡಬೇಕು. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಕೈಯಿಟ್ಟು, ಎದುರಿನವರ ಮುಖ ನೋಡುತ್ತಲೇ ಮೇಲಿಗೆ ಉತ್ತರ ಬರೆದವರೆಲ್ಲ ಆ ಬಿಲ್ಲೆಗಳ ಋಣದಲ್ಲಿದ್ದಾರೆ.

ನನ್ನ ಮಟ್ಟಿಗೆ ಕೀಲಿಮಣೆಯಲ್ಲಿ ಬೋಲ್ಡ್ ಗೆದ್ದಿತು, ಅದೂ ಸಣ್ಣ ಅಂತರದಿಂದಲ್ಲ. ಉದ್ದದ ಮೇಲ್ ಬರೆಯುವವರಿಗೆ ಅದು ಬೇರೆಯೇ ದರ್ಜೆ. ಆದರೆ ಒಂದೇ ಕೈಯಲ್ಲಿ, ಬಸ್ಸಿನ ಕಂಬ ಹಿಡಿದು ನಿಂತು, ಒಂದು ಸಾಲಿನ ಉತ್ತರ ಹೊಡೆಯುವುದಾದರೆ ಇ71. 57 ಮಿಲಿಮೀಟರನ್ನು ಒಂದೇ ಹೆಬ್ಬೆರಳು ಈ ತುದಿಯಿಂದ ಆ ತುದಿಗೆ ಮುಟ್ಟಬಲ್ಲದು.

ಅಂಕಿಗಳ ಜಾಗವೂ ಬೇರೆ. ಬ್ಲ್ಯಾಕ್‌ಬೆರಿಯಲ್ಲಿ 1ರಿಂದ 9 ಎಡಭಾಗದ ಅಕ್ಷರಗಳ ಮೇಲೆ ಕೂತಿದ್ದವು, ನೋಕಿಯಾದಲ್ಲಿ ಕೀಲಿಮಣೆಯ ನಡುಭಾಗದಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದವರು ಬ್ಯಾಂಕಿನ ಕಸ್ಟಮರ್ ಕೇರಿಗೆ ಕರೆ ಮಾಡಿ "ಕನ್ನಡಕ್ಕಾಗಿ ಮೂರನ್ನು ಒತ್ತಿ" ಎಂದಾಗ ಮೂರು ಎಲ್ಲಿದೆ ಎಂದು ಹುಡುಕುತ್ತಿದ್ದುದು ಇದಕ್ಕೇ.

ನಡುವಿನ ಬಟನ್ನಿನ ಕಥೆ ಬೇರೆ. ಬೋಲ್ಡ್‌ನಲ್ಲಿ ಪುಟ್ಟ ಬಿಳಿ ಚೆಂಡು, ಟ್ರ್ಯಾಕ್‌ಬಾಲ್. ಚೆಂಡು ಉರುಳಿದಾಗ ಸುತ್ತ ಇರುವ ನಾಲ್ಕು ಸಣ್ಣ ಉರುಳೆಗಳು ತಿರುಗುತ್ತವೆ, ಅವುಗಳಲ್ಲಿನ ಅಯಸ್ಕಾಂತವನ್ನು ಕೆಳಗಿನ ಸಂವೇದಕಗಳು ಗ್ರಹಿಸುತ್ತವೆ. ಪರದೆಯ ಮೇಲೆ ಎಲ್ಲಿಗೆ ಬೇಕಾದರೂ ಸರ್ರನೆ ಹೋಗಬಹುದು, ಹೊಸದರಲ್ಲಿ ಭಾರಿ ಮಜಾ. ಆದರೆ ಬೆವರು, ಧೂಳು, ಕೈಯ ಎಣ್ಣೆ ಎಲ್ಲವೂ ಆ ಉರುಳೆಗಳಿಗೆ ಹೋಗಿ ಮೆತ್ತಿಕೊಳ್ಳುತ್ತಿತ್ತು. ಮೊದಲು ಮೇಲಕ್ಕೆ ಹೋಗುವುದು ನಿಲ್ಲುತ್ತದೆ, ಆಮೇಲೆ ಎಡಕ್ಕೆ. ಬೆಂಗಳೂರಿನ ಎಸ್‌ಪಿ ರೋಡಿನ ರಿಪೇರಿ ಅಂಗಡಿಗಳಿಗೆ ಬಾಲ್ ಬದಲಿಸುವುದು ದಿನನಿತ್ಯದ ಕೆಲಸವಾಗಿತ್ತು. ರಿಮ್‌ಗೂ ಇದು ಅರ್ಥವಾಗಿ, ಮರುವರ್ಷ ಬಂದ ಬೋಲ್ಡ್ 9700ರಲ್ಲಿ ಚೆಂಡು ತೆಗೆದು ಬೆರಳು ಸವರುವ ಟ್ರ್ಯಾಕ್‌ಪ್ಯಾಡ್ ಹಾಕಿತು. ಇ71ರಲ್ಲಿ ನಾಲ್ಕು ದಿಕ್ಕಿನ ಸಾದಾ ಒತ್ತುಬಟನ್. ನಿಧಾನ, ಆದರೆ ಕೆಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಇನ್ನು ಕೀಲಿಮಣೆಯನ್ನು ಸಾಫ್ಟ್‌ವೇರ್ ಹೇಗೆ ಬಳಸಿಕೊಂಡಿತು ಎನ್ನುವುದು. ಬ್ಲ್ಯಾಕ್‌ಬೆರಿಯ ಇನ್‌ಬಾಕ್ಸಿನಲ್ಲಿ ಒಂದೊಂದು ಅಕ್ಷರವೂ ಒಂದು ಆಜ್ಞೆ. ಟಿ ಒತ್ತಿದರೆ ಪಟ್ಟಿಯ ತುದಿಗೆ, ಬಿ ಒತ್ತಿದರೆ ಬುಡಕ್ಕೆ, ಯು ಒತ್ತಿದರೆ ಓದದ ಮೇಲಿಗೆ. ಮೇಲ್ ತೆರೆದ ಮೇಲೆ ಆರ್ ಅಂದರೆ ಉತ್ತರ, ಎಲ್ ಅಂದರೆ ಎಲ್ಲರಿಗೂ ಉತ್ತರ, ಎಫ್ ಅಂದರೆ ಮುಂದಕ್ಕೆ ಕಳಿಸು. ಸ್ಪೇಸ್ ಎರಡು ಸಲ ಒತ್ತಿದರೆ ಪೂರ್ಣವಿರಾಮ ತಾನಾಗಿ ಬೀಳುತ್ತದೆ. ವಿಳಾಸದ ಜಾಗದಲ್ಲಿ ಸ್ಪೇಸ್ ಒತ್ತಿದರೆ ಮೊದಲು ಅಟ್ ಚಿಹ್ನೆ, ಆಮೇಲೆ ಚುಕ್ಕೆ. ಇದನ್ನು ಕಲಿತವರ ಕೈಯಲ್ಲಿ ಆ ಫೋನು ನೋಡುವುದೇ ಒಂದು ಚಂದ.

ನೋಕಿಯಾದ ಸಿಂಬಿಯನ್ ಎಸ್60 ಮೂಲತಃ ಅಂಕಿಗಳ ಕೀಪ್ಯಾಡಿಗೆ ಹುಟ್ಟಿದ ತಂತ್ರಾಂಶ. ಪೂರ್ತಿ ಕೀಲಿಮಣೆ ಇದ್ದರೂ ಎಡ ಆಪ್ಷನ್ಸ್, ಬಲ ಬ್ಯಾಕ್ ಎಂಬ ಹಳೆಯ ಚಾಳಿ ಬಿಟ್ಟಿರಲಿಲ್ಲ. ಆ ಕೊರತೆ ತುಂಬಲು ಪರದೆಯ ಕೆಳಗೆ ನಾಲ್ಕು ಬಟನ್ ಕೊಟ್ಟರು: ಹೋಮ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್, ಮೇಲ್. ಜತೆಗೆ ಎರಡು ಹೋಮ್ ಸ್ಕ್ರೀನ್, ಒಂದು ಆಫೀಸಿಗೆ, ಒಂದು ಮನೆಗೆ. ಸಂಜೆ ಒಂದು ಬಟನ್ ಒತ್ತಿದರೆ ಆಫೀಸಿನ ಮೇಲ್ ಕಣ್ಣಿನಿಂದ ಮರೆ. ಇಷ್ಟು ಸಭ್ಯವಾದ ಸೌಲಭ್ಯ ಆಮೇಲಿನ ಫೋನುಗಳಲ್ಲಿ ಯಾಕೆ ಇಲ್ಲವಾಯಿತೋ ನನಗೆ ಅರ್ಥವಾಗಿಲ್ಲ.

ಈಗ ಮೇಲ್ ಬರುವ ದಾರಿಗೆ ಬರೋಣ.

ಸಾಮಾನ್ಯ ಫೋನಿನಲ್ಲಿ ಆ ಕಾಲದ ಮೇಲ್ ಕೆಲಸ ಮಾಡುತ್ತಿದ್ದುದು ಹೀಗೆ: ಹದಿನೈದು ನಿಮಿಷಕ್ಕೊಮ್ಮೆಯೋ ಅರ್ಧ ಗಂಟೆಗೊಮ್ಮೆಯೋ ಫೋನು ಸರ್ವರಿಗೆ ಹೋಗಿ "ಏನಾದರೂ ಬಂದಿದೆಯಾ" ಎಂದು ಕೇಳುತ್ತಿತ್ತು. ಗೇಟಿನ ಹತ್ತಿರ ಹೋಗಿ ಅಂಚೆಯಣ್ಣ ಬಂದನಾ ಎಂದು ಮತ್ತೆ ಮತ್ತೆ ನೋಡಿ ಬರುವ ಹಾಗೆ. ಬಂದಿಲ್ಲದಿದ್ದರೂ ಓಡಾಟದ ಖರ್ಚು ತಪ್ಪದು. ಬ್ಯಾಟರಿ ಮುಗಿಯುತ್ತದೆ, ಡೇಟಾ ಮುಗಿಯುತ್ತದೆ. ಬಂದಿದ್ದರೂ ತಡವಾಗಿ ಗೊತ್ತಾಗುತ್ತದೆ. ಇದರ ಬದಲು ಮೇಲ್ ಬಂದ ಕೂಡಲೇ ಸರ್ವರೇ ಫೋನಿಗೆ ತಳ್ಳುವುದನ್ನು ಪುಶ್ ಮೇಲ್ ಎನ್ನುತ್ತಾರೆ. ಇ71, ಬೋಲ್ಡ್ ಎರಡೂ ಪುಶ್ ಮೇಲ್ ಕೊಡುತ್ತಿದ್ದವು. ಆದರೆ ಅದನ್ನು ಸಾಧಿಸಿದ ಬಗೆಯಲ್ಲಿ ಅಜಗಜಾಂತರ.

ಇ71ರದ್ದು ನೇರ ದಾರಿ. ಕಂಪನಿಯಲ್ಲಿ ಆಫೀಸಿನ ಮೇಲ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್ ಇದ್ದರೆ, ನೋಕಿಯಾದ ಮೇಲ್ ಫಾರ್ ಎಕ್ಸ್‌ಚೇಂಜ್ ಎಂಬ ಉಚಿತ ತಂತ್ರಾಂಶ ಇಂಟರ್ನೆಟ್ ಮೂಲಕ ಸೀದಾ ಆ ಸರ್ವರಿಗೇ ಮಾತಾಡುತ್ತಿತ್ತು. ಇಲ್ಲೊಂದು ಜಾಣತನವಿದೆ. ಫೋನು ಸರ್ವರಿಗೆ ಒಂದು ಪ್ರಶ್ನೆ ಕಳಿಸುತ್ತದೆ, ಸರ್ವರ್ ತಕ್ಷಣ ಉತ್ತರ ಕೊಡುವುದಿಲ್ಲ. ಆ ಸಂಪರ್ಕವನ್ನು ಹಾಗೇ ತೆರೆದಿಟ್ಟುಕೊಂಡು ಕಾಯುತ್ತದೆ. ಹೊಸ ಮೇಲ್ ಬಂದ ಕ್ಷಣ ಉತ್ತರ ಕಳಿಸುತ್ತದೆ. ಫೋನು ಮೇಲನ್ನು ಎಳೆದುಕೊಳ್ಳುತ್ತದೆ. ಹಲವು ನಿಮಿಷ ಏನೂ ಬರದಿದ್ದರೆ "ಏನಿಲ್ಲ" ಎನ್ನುತ್ತದೆ, ಫೋನು ಮತ್ತೆ ಅದೇ ಪ್ರಶ್ನೆ ಹಾಕಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಪುಶ್, ಒಳಗೆ ನೋಡಿದರೆ ತಾಳ್ಮೆಯಿಂದ ಕಾಯುವ ಎಳೆತ. ತೊಂದರೆ ಬರುತ್ತಿದ್ದುದು ನಡುವಿನ ಮೊಬೈಲ್ ನೆಟ್‌ವರ್ಕಿನಿಂದ. ಸುಮ್ಮನೆ ತೆರೆದುಕೊಂಡಿರುವ ಸಂಪರ್ಕವನ್ನು ಆಪರೇಟರಿನ ಗೇಟ್‌ವೇ ಸ್ವಲ್ಪ ಹೊತ್ತಿಗೆ ಕಡಿದು ಹಾಕುತ್ತದೆ. ಆಗ ಫೋನು ಎಚ್ಚೆತ್ತು ಮತ್ತೆ ಕಟ್ಟಿಕೊಳ್ಳಬೇಕು. ಸಿಗ್ನಲ್ ಹೋಗಿ ಬಂದು ಮಾಡುವ ಕಡೆ, ಉದಾಹರಣೆಗೆ ರೈಲಿನಲ್ಲಿ, ಇದೇ ಕೆಲಸ ಪದೇ ಪದೇ ನಡೆದು ಬ್ಯಾಟರಿ ಇಳಿಯುತ್ತಿತ್ತು.

ಬೋಲ್ಡ್‌ನ ದಾರಿಯಲ್ಲಿ ನಡುವೆ ಒಬ್ಬ ದಳ್ಳಾಳಿ ಇದ್ದ, ಅವನು ರಿಮ್. ಕೆನಡಾದ ವಾಟರ್‌ಲೂ ಊರಿನ ಈ ಕಂಪನಿ ಜಗತ್ತಿನ ಕೆಲವೆಡೆ ದೊಡ್ಡ ಡೇಟಾ ಕೇಂದ್ರಗಳನ್ನು ಇಟ್ಟುಕೊಂಡು, ಊರೂರಿನ ಮೊಬೈಲ್ ಆಪರೇಟರುಗಳಿಗೆ ಅಲ್ಲಿಂದ ನೇರ ತಂತಿ ಎಳೆದಿತ್ತು. ಪ್ರತಿ ಬ್ಲ್ಯಾಕ್‌ಬೆರಿಗೂ ಎಂಟು ಅಕ್ಷರಗಳ ಒಂದು ಪಿನ್. ಯಾವ ಪಿನ್ ಈಗ ಯಾವ ಆಪರೇಟರಿನ ಬಳಿ ಇದೆ ಎಂಬುದು ಕೇಂದ್ರಕ್ಕೆ ಗೊತ್ತು. ಫೋನು ಕೇಳುವ ಅಗತ್ಯವೇ ಇಲ್ಲ, ಮೇಲ್ ತಾನಾಗಿ ಹುಡುಕಿಕೊಂಡು ಬರುತ್ತದೆ. ಮೂಲೆಯ ಕೆಂಪು ದೀಪ ಮಿನುಗುತ್ತದೆ. ಇ71ರಲ್ಲೂ ನಡುವಿನ ಬಟನ್ ಸುತ್ತ ಬಿಳಿ ಬೆಳಕು ಉಸಿರಾಡಿದಂತೆ ಹೊಳೆಯುತ್ತಿತ್ತು, ಆದರೆ ಜನರ ನಿದ್ದೆ ಕೆಡಿಸಿದ ಖ್ಯಾತಿ ಆ ಕೆಂಪು ದೀಪಕ್ಕೇ ಸೇರಬೇಕು.

ಈ ದಾರಿಯಲ್ಲಿ ಮೇಲನ್ನು ಬರೀ ದಾಟಿಸುವುದಷ್ಟೇ ನಡೆಯುತ್ತಿರಲಿಲ್ಲ. ರಿಮ್‌ನ ಸರ್ವರ್ ತಂತ್ರಾಂಶ ಇನ್ನೂ ಕೆಲವು ಕೆಲಸ ಮಾಡುತ್ತಿತ್ತು, ಕಂಪನಿಯ ಮೇಲಾದರೆ ಆ ಸರ್ವರ್ ಕಂಪನಿಯೊಳಗೇ ಇರುತ್ತಿತ್ತು. ದೊಡ್ಡ ಮೇಲ್ ಬಂದರೆ ಮೊದಲ 2 ಕಿಲೋಬೈಟ್‌ನಷ್ಟನ್ನು ಮಾತ್ರ ಕಳಿಸಿ, ನೀವು ಕೆಳಗೆ ಸರಿಸಿದಂತೆ ಉಳಿದದ್ದನ್ನು ಕಳಿಸುವುದು. ಅಟ್ಯಾಚ್‌ಮೆಂಟನ್ನು ಸರ್ವರಿನಲ್ಲೇ ತೆರೆದು, ಫೋನಿನ ಪರದೆಗೆ ಬೇಕಾದಷ್ಟನ್ನೇ ಹಿಂಡಿ ಕೊಡುವುದು. ಎರಡು ಎಂಬಿಯ ಫೋಟೊ ಬಂದರೆ ಬೋಲ್ಡ್‌ಗೆ ಇಳಿಯುತ್ತಿದ್ದುದು ಅದರ ಚಿಕ್ಕ ರೂಪ. ಇ71 ಅದೇ ಫೋಟೊವನ್ನು ಇಡಿಯಾಗಿ ಎಳೆಯುತ್ತಿತ್ತು.

ಇದು ನಮ್ಮಲ್ಲಿ ಎಷ್ಟು ಮುಖ್ಯವಾಗಿತ್ತು ಎಂಬುದಕ್ಕೆ ಆ ವರ್ಷಗಳನ್ನು ನೆನೆಯಬೇಕು. ಎರಡೂ ಫೋನಿನ ಪೆಟ್ಟಿಗೆಯ ಮೇಲೆ 3ಜಿ ಎಂದು ಬರೆದಿತ್ತು, ಆದರೆ ಅವು ಬಂದಾಗ ಭಾರತದಲ್ಲಿ 3ಜಿಯೇ ಇರಲಿಲ್ಲ. ಸರ್ಕಾರಿ ಎಂಟಿಎನ್‌ಎಲ್ 2008ರ ಕೊನೆಗೆ ದಿಲ್ಲಿಯಲ್ಲಿ ಶುರು ಮಾಡಿತು, ಬಿಎಸ್‌ಎನ್‌ಎಲ್ 2009ರಲ್ಲಿ. ಖಾಸಗಿ ಕಂಪನಿಗಳಿಗೆ ತರಂಗಾಂತರ ಹರಾಜಾದದ್ದೇ 2010ರಲ್ಲಿ. ಅಲ್ಲಿಯವರೆಗೆ ಬಹುತೇಕರಿಗೆ ಸಿಕ್ಕಿದ್ದು ಜಿಪಿಆರ್‌ಎಸ್ ಎಂಬ 2ಜಿಯ ನಿಧಾನ ಇಂಟರ್ನೆಟ್, ಅದೃಷ್ಟವಿದ್ದರೆ ಅದಕ್ಕಿಂತ ತುಸು ವೇಗದ ಎಡ್ಜ್. ಆ ಸಣ್ಣ ಕೊಳವೆಯಲ್ಲಿ ಇಡೀ ಪವರ್‌ಪಾಯಿಂಟ್ ಎಳೆಯುವ ಇ71ಗೂ, ಹಿಂಡಿದ ಸಾರ ಮಾತ್ರ ತರಿಸಿಕೊಳ್ಳುವ ಬೋಲ್ಡ್‌ಗೂ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಬೋಲ್ಡ್ ವೇಗದ ಫೋನು ಎಂದು ಜನ ಹೇಳುತ್ತಿದ್ದರು. ಅದರ 624 ಮೆಗಾಹರ್ಟ್ಸ್ ಪ್ರೊಸೆಸರ್ ಇ71ರ 369ಕ್ಕಿಂತ ಚುರುಕು ಎನ್ನುವುದು ನಿಜವೇ, ಆದರೆ ಮೇಲ್ ತೆರೆಯುವ ವೇಗ ಹೆಚ್ಚಾಗಿ ಬಂದದ್ದು ಆಚೆ ಇದ್ದ ಸರ್ವರಿನಿಂದ.

ದಳ್ಳಾಳಿಗೆ ದಳ್ಳಾಳಿ ಕೂಲಿ ಕೊಡಬೇಕಲ್ಲ. ಬ್ಲ್ಯಾಕ್‌ಬೆರಿಗೆ ಮಾಮೂಲಿ ಜಿಪಿಆರ್‌ಎಸ್ ಪ್ಯಾಕ್ ಸಾಲದು. ಆಪರೇಟರಿನಿಂದ ಬ್ಲ್ಯಾಕ್‌ಬೆರಿಯದ್ದೇ ಪ್ರತ್ಯೇಕ ಪ್ಲಾನ್ ಹಾಕಿಸಬೇಕು, ಅದರಲ್ಲಿ ಒಂದು ಪಾಲು ರಿಮ್‌ಗೆ. ಆ ಪ್ಲಾನ್ ಇಲ್ಲದ ಬೋಲ್ಡ್ ಅರ್ಧ ಫೋನು: ಕರೆ, ಎಸ್‌ಎಂಎಸ್, ಅಷ್ಟೇ. ಮೇಲ್ ಇಲ್ಲ, ಅದರದ್ದೇ ಬ್ರೌಸರ್ ಇಲ್ಲ, ಬ್ಲ್ಯಾಕ್‌ಬೆರಿಯವರು ಒಬ್ಬರಿಗೊಬ್ಬರು ಸಂದೇಶ ಕಳಿಸುವ ಬಿಬಿಎಂ ಇಲ್ಲ. ಇ71ಗೆ ಯಾವ ಸಿಮ್ ಹಾಕಿದರೂ, ಯಾವ ಪ್ಯಾಕ್ ಇದ್ದರೂ ನಡೆಯಿತು. ಏರ್‌ಟೆಲ್‌ನ ಮೊಬೈಲ್ ಆಫೀಸ್ ಆಗಲಿ, ಬಿಎಸ್‌ಎನ್‌ಎಲ್ ಆಗಲಿ, ಸೆಟ್ಟಿಂಗ್ ತರಿಸಿಕೊಂಡು ಸೇವ್ ಮಾಡಿದರೆ ಆಯಿತು. ಸ್ವಂತ ದುಡ್ಡಿನಲ್ಲಿ ಫೋನು ಕೊಳ್ಳುವವರು ಇ71 ಕಡೆ ವಾಲಿದ್ದಕ್ಕೆ, ಕಂಪನಿ ಕೊಡಿಸುವವರ ಕೈಯಲ್ಲಿ ಬೋಲ್ಡ್ ಕಂಡದ್ದಕ್ಕೆ ದೊಡ್ಡ ಕಾರಣ ಇದೇ.

ಕಂಪನಿಗಳು ಅಷ್ಟೆಲ್ಲ ಯಾಕೆ ಖರ್ಚು ಮಾಡಿದವು? ಇದಕ್ಕೆ ಉತ್ತರ ಐಟಿ ವಿಭಾಗದ ಕೋಣೆಯಲ್ಲಿದೆ. ಎಕ್ಸ್‌ಚೇಂಜ್ ಸರ್ವರಿಗೆ ಹೊರಗಿನ ಫೋನುಗಳು ನೇರವಾಗಿ ಬರಬೇಕಾದರೆ ಕಂಪನಿಯ ನೆಟ್‌ವರ್ಕಿಗೆ ಕಾವಲಾಗಿರುವ ಫೈರ್‌ವಾಲಿನಲ್ಲಿ ಹೊರಗಿನಿಂದ ಒಳಗೆ ಬರುವ ಒಂದು ಬಾಗಿಲು ತೆರೆದಿಡಬೇಕು, ಪೋರ್ಟ್ 443. ಜಗತ್ತಿನಲ್ಲಿ ಯಾರು ಬೇಕಾದರೂ ಬಂದು ಆ ಬಾಗಿಲು ತಟ್ಟಬಹುದು. ಬ್ಲ್ಯಾಕ್‌ಬೆರಿಯಲ್ಲಿ ಹಾಗಿಲ್ಲ. ಕಂಪನಿಯೊಳಗೆ ಬ್ಲ್ಯಾಕ್‌ಬೆರಿ ಎಂಟರ್‌ಪ್ರೈಸ್ ಸರ್ವರ್, ಚಿಕ್ಕದಾಗಿ ಬೆಸ್, ಕೂತಿರುತ್ತದೆ. ಅದು ತಾನೇ ಒಳಗಿನಿಂದ ಹೊರಗೆ, ಪೋರ್ಟ್ 3101ರ ಮೂಲಕ, ರಿಮ್‌ನ ಕೇಂದ್ರಕ್ಕೆ ಸಂಪರ್ಕ ಕಟ್ಟುತ್ತದೆ. ಹೊರಗಿನಿಂದ ಒಳಗೆ ಬರುವ ಬಾಗಿಲೇ ಬೇಡ. ಸೆಕ್ಯುರಿಟಿ ನೋಡಿಕೊಳ್ಳುವವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೊಂದಿಲ್ಲ. ಜತೆಗೆ ಆ ಸರ್ವರಿನಿಂದ ನೂರಾರು ನಿಯಮಗಳನ್ನು ಫೋನಿಗೆ ಹೇರಬಹುದಿತ್ತು: ಕ್ಯಾಮೆರಾ ಬಂದ್, ಪಾಸ್‌ವರ್ಡ್ ಕಡ್ಡಾಯ, ಕಳೆದುಹೋದರೆ ಕೂತಲ್ಲಿಂದಲೇ ಫೋನು ಖಾಲಿ. ಇ71ರಲ್ಲೂ ಮೊದಲೇ ಇಟ್ಟುಕೊಂಡ ಗುಪ್ತ ಪದವನ್ನು ಎಸ್‌ಎಂಎಸ್ ಮಾಡಿ ಫೋನನ್ನು ಲಾಕ್ ಮಾಡಬಹುದಿತ್ತು, ಮೆಮೊರಿ ಕಾರ್ಡನ್ನು ಎನ್‌ಕ್ರಿಪ್ಟ್ ಮಾಡಬಹುದಿತ್ತು, ಅಂದರೆ ಬೇರೆಯವರು ಓದಲಾಗದ ಗೂಢಲಿಪಿಗೆ ಬದಲಿಸಬಹುದಿತ್ತು. ಆದರೆ ಅದನ್ನೆಲ್ಲ ನೀವೇ ಕೂತು ಮಾಡಿಕೊಳ್ಳಬೇಕು. ಎಷ್ಟು ಜನ ಮಾಡಿಕೊಂಡಾರು?

ಭದ್ರತೆಯ ವಿಷಯದಲ್ಲಿ ಆಗ ಒಂದು ದೊಡ್ಡ ತಪ್ಪು ಕಲ್ಪನೆ ಓಡಾಡುತ್ತಿತ್ತು, ಈಗಲೂ ಕೆಲವರು ಹೇಳುವುದುಂಟು: ಬ್ಲ್ಯಾಕ್‌ಬೆರಿ ಅಂದರೆ ಯಾರೂ ಓದಲಾಗದ ಮೇಲ್ ಎಂದು. ಇದು ಬೆಸ್ ಇರುವ ಕಂಪನಿಗಳಿಗೆ ಮಾತ್ರ ನಿಜ. ಅಲ್ಲಿ ಮೇಲ್ ಕಂಪನಿಯ ಸರ್ವರಿನಲ್ಲೇ ಎನ್‌ಕ್ರಿಪ್ಟ್ ಆಗಿ ಫೋನಿನಲ್ಲಿ ಮಾತ್ರ ಬಿಚ್ಚುತ್ತದೆ, ಬಿಚ್ಚುವ ಕೀಲಿ ಇರುವುದು ಆ ಎರಡು ಕಡೆ. ನಡುವೆ ಕೂತ ರಿಮ್ ಕೂಡ ಓದಲಾರದು. ಆದರೆ ಅಂಗಡಿಯಿಂದ ಬೋಲ್ಡ್ ಕೊಂಡು ಜಿಮೇಲ್, ಯಾಹೂ ಹಾಕಿಕೊಂಡ ಸಾಮಾನ್ಯನಿಗೆ ಸಿಗುತ್ತಿದ್ದುದು ಬಿಐಎಸ್ ಎಂಬ ಇನ್ನೊಂದು ಸೇವೆ. ಅಲ್ಲಿ ನಿಮ್ಮ ಜಿಮೇಲ್ ಪಾಸ್‌ವರ್ಡನ್ನು ರಿಮ್‌ನ ಸರ್ವರಿಗೆ ಕೊಡುತ್ತೀರಿ, ಅದು ನಿಮ್ಮ ಪರವಾಗಿ ಮೇಲ್ ತಂದು ನಿಮಗೆ ತಳ್ಳುತ್ತದೆ. ತುದಿಯಿಂದ ತುದಿಗೆ ಎನ್‌ಕ್ರಿಪ್ಷನ್ ಇಲ್ಲ. ಅದೇ ಜಿಮೇಲನ್ನು ಇ71ರಲ್ಲಿ ಐಮ್ಯಾಪ್ ಮೂಲಕ, ಅಂದರೆ ಜಿಮೇಲ್ ಸರ್ವರಿನಿಂದಲೇ ನೇರವಾಗಿ, ಎಸ್‌ಎಸ್‌ಎಲ್ ಎಂಬ ಗೂಢಲಿಪಿಯ ರಕ್ಷಣೆ ಹಾಕಿ ಬಳಸುತ್ತಿದ್ದವನ ಪಾಸ್‌ವರ್ಡು ನಡುವೆ ಯಾರ ಬಳಿಯೂ ಉಳಿಯುತ್ತಿರಲಿಲ್ಲ. ಭದ್ರತೆಗೆಂದೇ ಹೆಚ್ಚು ದುಡ್ಡು ಕೊಟ್ಟು ಬ್ಲ್ಯಾಕ್‌ಬೆರಿ ಕೊಂಡ ಒಂಟಿ ಗ್ರಾಹಕನಿಗೆ ಸಿಕ್ಕಿದ್ದು ಪಕ್ಕದವನ ನೋಕಿಯಾಕ್ಕಿಂತ ಕಡಿಮೆ ಗೋಪ್ಯತೆ. ನೋಕಿಯಾ ಆಮೇಲೆ ತಂದ ನೋಕಿಯಾ ಮೆಸೇಜಿಂಗ್ ಎಂಬ ಪುಶ್ ಸೇವೆಯೂ ಇದೇ ದಳ್ಳಾಳಿ ಮಾದರಿಯದ್ದು, ಪಾಸ್‌ವರ್ಡ್ ಅಲ್ಲೂ ನೋಕಿಯಾದ ಸರ್ವರಿಗೆ ಹೋಗುತ್ತಿತ್ತು. ಹಾಗಾಗಿ ಕೇಳಬೇಕಾದ್ದು ಫೋನು ಯಾವ ಕಂಪನಿಯದು ಎಂದಲ್ಲ. ಮೇಲ್ ಯಾವ ದಾರಿಯಲ್ಲಿ ಬರುತ್ತಿದೆ ಎಂದು.

ಈ ವ್ಯತ್ಯಾಸ ನಮ್ಮ ಸರ್ಕಾರದ ಜತೆಗಿನ ಜಗಳದಲ್ಲೂ ಬಂತು. ತನಿಖಾ ಸಂಸ್ಥೆಗಳಿಗೆ ಬ್ಲ್ಯಾಕ್‌ಬೆರಿ ಸಂದೇಶಗಳು ಓದಲು ಸಿಗಬೇಕು, ಇಲ್ಲದಿದ್ದರೆ ಸೇವೆ ನಿಲ್ಲಿಸುತ್ತೇವೆ ಎಂದು ಕೇಂದ್ರ ಸರ್ಕಾರ 2010ರ ಆಗಸ್ಟ್ 31ರ ಗಡುವು ಹಾಕಿತು. ಅದೇ ಹೊತ್ತಿಗೆ ಸಂಯುಕ್ತ ಅರಬ್ ಎಮಿರೇಟ್ಸ್ ಕೂಡ ಇಂಥದೇ ಬೆದರಿಕೆ ಹಾಕಿತ್ತು. ಅಲ್ಲಿದ್ದ ಮಂಗಳೂರು, ಉಡುಪಿ ಕಡೆಯವರಿಗೆ ಇದು ಆಗ ದಿನಾ ಮಾತಾಡುವ ವಿಷಯ. ರಿಮ್‌ನ ಉತ್ತರ: ಬೆಸ್‌ನ ಕೀಲಿ ನಮ್ಮ ಹತ್ತಿರವೇ ಇಲ್ಲ, ಇಲ್ಲದ್ದನ್ನು ಕೊಡುವುದು ಹೇಗೆ? ಅದು ನಿಜವಾಗಿತ್ತು. ಆದರೆ ಬಿಬಿಎಂ ಮತ್ತು ಬಿಐಎಸ್ ಮೇಲ್ ವಿಷಯದಲ್ಲಿ ಆ ನೆಪ ಹೇಳುವಂತಿರಲಿಲ್ಲ. ಗಡುವು ಮುಂದೆ ಹೋಯಿತು, ಮಾತುಕತೆ ಎಳೆಯಿತು, ಕೊನೆಗೆ ಮುಂಬೈನಲ್ಲಿ ಸರ್ವರ್ ಬಂತು. ಇ71ರ ನೇರ ದಾರಿಯ ಬಗ್ಗೆ ಇಂಥ ಗಲಾಟೆ ಏಳಲಿಲ್ಲ. ನಡುವೆ ದಳ್ಳಾಳಿಯೇ ಇಲ್ಲದಿದ್ದಾಗ ನೋಟಿಸು ಕೊಡುವುದು ಯಾರಿಗೆ?

ದಳ್ಳಾಳಿಯ ಮೇಲಿನ ಅವಲಂಬನೆ ಎಂಥದು ಎಂಬುದು 2011ರ ಅಕ್ಟೋಬರ್ 10ರಂದು ಎಲ್ಲರಿಗೂ ಗೊತ್ತಾಯಿತು. ಇಂಗ್ಲೆಂಡಿನ ಸ್ಲೌ ಎಂಬಲ್ಲಿದ್ದ ರಿಮ್‌ನ ಡೇಟಾ ಕೇಂದ್ರದಲ್ಲಿ ಒಂದು ಮುಖ್ಯ ಸ್ವಿಚ್ ಕೈಕೊಟ್ಟಿತು. ಬದಲಿ ವ್ಯವಸ್ಥೆ ಹೊಣೆ ಹೊರಬೇಕಿತ್ತು, ಹೊರಲಿಲ್ಲ. ಯುರೋಪ್, ಗಲ್ಫ್, ಆಫ್ರಿಕಾ, ಭಾರತ ಎಲ್ಲೆಡೆ ಮೇಲ್ ನಿಂತಿತು. ಬಾಕಿ ಮೇಲ್ ಗುಡ್ಡೆಯಾಗಿ, ತೊಂದರೆ ಅಮೆರಿಕಕ್ಕೂ ಹಬ್ಬಿತು. 13ರಂದು ಕಂಪನಿಯ ಸ್ಥಾಪಕ ಮೈಕ್ ಲಜಾರಿಡಿಸ್ ವಿಡಿಯೊದಲ್ಲಿ ಕ್ಷಮೆ ಕೇಳಿದರು. ಆ ದಿನಗಳಲ್ಲಿ ಬೋಲ್ಡ್‌ನಲ್ಲಿ ಏನೂ ಕೆಟ್ಟಿರಲಿಲ್ಲ, ಏರ್‌ಟೆಲ್, ವೊಡಾಫೋನ್ ಟವರುಗಳೂ ಚೆನ್ನಾಗಿದ್ದವು, ಕಂಪನಿಯ ಮೇಲ್ ಸರ್ವರೂ ನಡೆಯುತ್ತಿತ್ತು. ನಡುವಿನ ಒಂದು ಕೊಂಡಿ ಕಳಚಿತ್ತು, ಅಷ್ಟೇ. ಅದೇ ಕಂಪನಿಯಲ್ಲಿ ಹಳೆಯ ಇ71 ಇಟ್ಟುಕೊಂಡಿದ್ದವನಿಗೆ ಮೇಲ್ ಎಂದಿನಂತೆ ಬರುತ್ತಿತ್ತು.

ಉಳಿದ ವಿಷಯಗಳನ್ನು ಬೇಗ ಮುಗಿಸುತ್ತೇನೆ. ಕ್ಯಾಮೆರಾ ಇ71ರದ್ದು 3.2 ಮೆಗಾಪಿಕ್ಸೆಲ್, ಬೋಲ್ಡ್‌ದು 2. ಎರಡರಲ್ಲೂ ಮದುವೆ ಫೋಟೊ ತೆಗೆಯುವ ಹಾಗಿರಲಿಲ್ಲ. ಇಯರ್‌ಫೋನಿಗೆ ಬೋಲ್ಡ್‌ನಲ್ಲಿ ಮಾಮೂಲಿ 3.5 ಮಿಲಿಮೀಟರ್ ತೂತು, ಇ71ರಲ್ಲಿ ಯಾರಿಗೂ ಬೇಡವಾದ 2.5. ಇ71ರಲ್ಲಿ ಮೈಕ್ರೊ ಯುಎಸ್‌ಬಿ ಇದ್ದರೂ ಅದರಿಂದ ಚಾರ್ಜ್ ಆಗುತ್ತಿರಲಿಲ್ಲ, ಸಣ್ಣ ಪಿನ್ನಿನ ಚಾರ್ಜರೇ ಬೇಕು. ಆದರೆ ಆ ಸಣ್ಣ ಪಿನ್ ಆಗ ಪ್ರತಿ ಮನೆಯಲ್ಲೂ ಇತ್ತು. ಬ್ಯಾಟರಿಯ ಅಂಕಿ ಒಂದೇ ಆದರೂ ಬಾಳಿಕೆ ಒಂದೇ ಅಲ್ಲ: 2ಜಿಯಲ್ಲಿ ಇ71ಗೆ ಕಂಪನಿ ಹೇಳಿದ ಮಾತಿನ ಸಮಯ ಹತ್ತೂವರೆ ಗಂಟೆ, ಬೋಲ್ಡ್‌ಗೆ ಅದರ ಅರ್ಧದಷ್ಟು. ಇ71ರಲ್ಲಿ ಇಂಟರ್ನೆಟ್ ಮೂಲಕ ಮಾತಾಡುವ ಎಸ್‌ಐಪಿ ಕರೆಯ ಸೌಲಭ್ಯ ಹುಟ್ಟಿನಿಂದಲೇ ಇತ್ತು, ಆಫೀಸಿನ ವೈಫೈಗೆ ಸೇರಿಸಿ ಅದನ್ನೇ ಎಕ್ಸ್‌ಟೆನ್ಷನ್ ಫೋನಾಗಿ ಮಾಡಿಕೊಂಡವರಿದ್ದರು. ಬೋಲ್ಡ್‌ಗೆ ಇದ್ದ ಬ್ರಹ್ಮಾಸ್ತ್ರ ಬಿಬಿಎಂ: ಸಂದೇಶ ತಲುಪಿದರೆ ಡಿ, ಓದಿದರೆ ಆರ್. ವಾಟ್ಸ್‌ಆ್ಯಪಿನ ನೀಲಿ ಗೀಟಿಗಿಂತ ಎಷ್ಟೋ ವರ್ಷ ಮುಂಚೆ "ಓದಿದ್ದೀಯ, ಉತ್ತರ ಯಾಕೆ ಕೊಟ್ಟಿಲ್ಲ" ಎಂಬ ಜಗಳ ಶುರುವಾದದ್ದು ಅಲ್ಲೇ.

ಕನ್ನಡದ ಮಾತೂ ಒಂದು ಇದೆ. ಕನ್ನಡದ ಪುಟ ತೆರೆದರೆ ಆಗಿನ ಫೋನುಗಳಲ್ಲಿ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಅದಕ್ಕೆ ಪರಿಹಾರ ಒಪೆರಾ ಮಿನಿ. ಅದರ ವಿಳಾಸದ ಜಾಗದಲ್ಲಿ ಒಪೆರಾ, ಎರಡು ಚುಕ್ಕೆ, ಕಾನ್ಫಿಗ್ (opera:config) ಎಂದು ಹೊಡೆದರೆ ಒಂದು ಗುಪ್ತ ಪುಟ ತೆರೆಯುತ್ತಿತ್ತು. ಅದರಲ್ಲಿ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸು ಎಂಬುದಕ್ಕೆ ಯೆಸ್ ಕೊಡಬೇಕು. ಆಗ ಒಪೆರಾದ ಸರ್ವರು ಕನ್ನಡವನ್ನು ತಾನೇ ಜೋಡಿಸಿ, ಚಿತ್ರವಾಗಿ ಮಾಡಿ ಕಳಿಸುತ್ತಿತ್ತು. ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. ಕೆಲಸವನ್ನು ಫೋನಿಗೆ ಬಿಡದೆ ಸರ್ವರಿನಲ್ಲೇ ಮುಗಿಸಿ ಹಿಂಡಿ ಕಳಿಸುವ ಬ್ಲ್ಯಾಕ್‌ಬೆರಿಯ ಉಪಾಯವೇ ಇದು, ಬೇರೊಬ್ಬ ದಳ್ಳಾಳಿಯಿಂದ. ಸಣ್ಣ ಫೋನು, ಸಣ್ಣ ಕೊಳವೆ ಇದ್ದ ಕಾಲದಲ್ಲಿ ಇಂಥವರಿಗೆ ಒಳ್ಳೆಯ ಬೇಡಿಕೆ ಇತ್ತು.

ಈಗ ಯಾರಾದರೂ ಹಳೆಯ ಕೀಲಿಮಣೆ ಫೋನಿನ ಆಸೆಗೆ ಇವೆರಡರಲ್ಲಿ ಒಂದನ್ನು ಕೊಳ್ಳಹೊರಟರೆ, ಅದೇ ದಾರಿಯ ಲೆಕ್ಕ ಹಾಕಬೇಕು. 2022ರ ಜನವರಿ 4ರಂದು ರಿಮ್, ಅಂದರೆ ಆ ಹೊತ್ತಿಗೆ ಬ್ಲ್ಯಾಕ್‌ಬೆರಿ ಎಂದೇ ಹೆಸರಾಗಿದ್ದ ಕಂಪನಿ, ಹಳೆಯ ಫೋನುಗಳಿಗೆ ಇದ್ದ ತನ್ನ ಸೇವೆಗಳನ್ನು ಮುಚ್ಚಿತು. ಕರೆ, ಎಸ್‌ಎಂಎಸ್ ಕೂಡ ನೆಚ್ಚಿಕೊಳ್ಳುವಂತಿರುವುದಿಲ್ಲ ಎಂದು ಅದೇ ಹೇಳಿತು. ಹಾಗಾಗಿ ಬೋಲ್ಡ್ ಇವತ್ತು ಷೋಕೇಸಿನ ವಸ್ತು. ಇ71ರ ಮೇಲ್ ಕೂಡ ನಡೆಯುವುದಿಲ್ಲ, ಆದರೆ ಕಾರಣ ಬೇರೆ: ಇವತ್ತಿನ ಮೇಲ್ ಸರ್ವರುಗಳು ಕೇಳುವ ಹೊಸ ಭದ್ರತಾ ವಿಧಾನ ಅದಕ್ಕೆ ಬರುವುದಿಲ್ಲ. ವಾಟ್ಸ್‌ಆ್ಯಪ್ ಎರಡರಲ್ಲೂ 2017ರಲ್ಲೇ ನಿಂತಿತು. ಆದರೂ ಏರ್‌ಟೆಲ್, ಬಿಎಸ್‌ಎನ್‌ಎಲ್‌ನಂಥ 2ಜಿ ಇರುವ ಸಿಮ್ ಹಾಕಿದರೆ ಇ71ರಲ್ಲಿ ಕರೆ ಬರುತ್ತದೆ, ಓಟಿಪಿ ಬರುತ್ತದೆ, ಎಫ್‌ಎಂ ಹಾಡುತ್ತದೆ. ಜಿಯೊ ಸಿಮ್ ಮಾತ್ರ ಹಾಕಬೇಡಿ, ಅದರಲ್ಲಿ 2ಜಿಯೇ ಇಲ್ಲ. ಕೊಳ್ಳುವಾಗ ಹಿಂಬದಿ ತೆಗೆದು ಬಿಪಿ-4ಎಲ್ ಬ್ಯಾಟರಿ ಉಬ್ಬಿದೆಯೇ ನೋಡಿ, ಮೆಸೇಜ್ ತೆರೆದು ಪ್ರತಿ ಕೀಲಿಯನ್ನೂ ಒಮ್ಮೆ ಒತ್ತಿ, ಸ್ಟೀಲಿನ ಹಿಂಬದಿ ಮುಚ್ಚಳದ ಮೇಲೆ ಉಗುರು ಎಳೆದು ನೋಡಿ. ಬಣ್ಣ ಎದ್ದು ಬಂದರೆ ಅದು ನಕಲಿ ಹೌಸಿಂಗ್, ಅಂದರೆ ಹೊರಮೈ. ಒಳಗಿನ ಕೀಪ್ಯಾಡ್ ಕೂಡ ಅದರ ಜತೆಗೇ ಬಂದದ್ದಾಗಿದ್ದರೆ ನೋಕಿಯಾದ ಆ ಟಪ್ ಸಿಗುವುದಿಲ್ಲ.